ಪೂಜೆ ಮುಗಿದ ಮೇಲಿನ ಮಾತ್ರೆ

ಪಂಚನಹಳ್ಳಿ
9-7-1979

ಉಮ್ಮೆ ಕುಲ್ಸುಮ್ ಅವರಿಗೆ, ನಿಮ್ಮ ನಿಲಯದಲ್ಲಿರುವ ಕಲ್ಲೇಶಿಯ ತಂಗಿ ವಿಶಾಲಾಕ್ಷಿಯ ನಮಸ್ಕಾರ.

ನಿನ್ನೆ ಅಜ್ಜಂಪುರಕ್ಕೆ ಬಂದಿದ್ದಾಗ ನಿಮ್ಮೊಡನೆ ನಾಲ್ಕು ಮಾತಾಡಬೇಕೆಂದಿದ್ದೆ. ನೀವು ಯಾರದೋ ಹಾಸಿಗೆ ಒಗೆಯುತ್ತಿದ್ದಿರಿ, ನನಗೆ ಬೀರೂರಿನ ಬಸ್ಸಿಗೆ ಹೊತ್ತಾಗಿತ್ತು. ಹಾಗಾಗಿ ಈ ಕಾಗದ.

ಅಣ್ಣಯ್ಯನ ಉಗುರು ನೋಡಿದೆ. ಇಪ್ಪತ್ತೂ ಬೆರಳಿನದು ಕತ್ತರಿಸಿ ಸ್ವಚ್ಛ ಮಾಡಿದ್ದೀರಿ. ನಮ್ಮ ಮನೆಯಲ್ಲಿ ಅದಕ್ಕೆ ಇಬ್ಬರು ಅವನನ್ನು ಹಿಡಿದುಕೊಳ್ಳಬೇಕಿತ್ತು. ಮೂವತ್ತನಾಲ್ಕು ವರ್ಷದ ಗಂಡಸು, ಬುದ್ಧಿ ನಾಲ್ಕು ವರ್ಷದ ಮಗುವಿನದು, ಬಲ ಮಾತ್ರ ಎತ್ತಿನದು. ಹೇಗೆ ಕತ್ತರಿಸಿದಿರಿ?

ಅವ್ವ ತೀರಿಕೊಂಡ ಮೇಲೆ ನಾನು ಸ್ಕೂಲಿಗೆ ಹೋಗುವಾಗ ಅವನನ್ನು ಒಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕುತ್ತಿದ್ದೆ. ನಾಲ್ಕು ವರ್ಷ ಹಾಗೇ ಮಾಡಿದೆ. ನಿಮ್ಮಲ್ಲಿ ಬಾಗಿಲು ತೆರೆದಿತ್ತು, ಅವನು ಜಗಲಿಯಲ್ಲಿ ಕೂತು ಹೋಗಿ ಬರುವವರಿಗೆಲ್ಲ ಕೈ ಮುಗಿಯುತ್ತಿದ್ದ. ನಿಮಗೆ ಎಷ್ಟು ಕೃತಜ್ಞತೆ ಹೇಳಿದರೂ ಕಡಿಮೆ.

ಒಂದೇ ಚಿಂತೆ. ಮನೆಯಲ್ಲಿದ್ದಾಗ ಅವನಿಗೆ ಮೂರು ನಾಲ್ಕು ತಿಂಗಳಿಗೊಮ್ಮೆ ಫಿಟ್ಸ್ ಬರುತ್ತಿತ್ತು. ಜೂನ್ ತಿಂಗಳೊಂದರಲ್ಲೇ ಮೂರು ಸಲ ಬಂತೆಂದು ಕಾರ್ಯದರ್ಶಿಗಳು ಹೇಳಿದರು. ಮಾತ್ರೆ ತಪ್ಪದಂತೆ ಕೊಡಲು ನರ್ಸಮ್ಮನವರಿಗೆ ನೆನಪಿಸುತ್ತಿರಿ.

ಇತಿ,
ವಿಶಾಲಾಕ್ಷಿ


ಅಜ್ಜಂಪುರ
16-7-1979

ಟೀಚರಮ್ಮನವರಿಗೆ ಕುಲ್ಸುಮ್ ಮಾಡುವ ಸಲಾಮು.

ಈ ನಿಲಯದ ಆಯಾಗೆ ಇದುವರೆಗೆ ಯಾರೂ ಕಾಗದ ಬರೆದದ್ದಿಲ್ಲ. ಪೋಸ್ಟ್‌ಮನ್ ಕೊಡದೆ ಆಟವಾಡಿಸಿದ. "ಏನ್ ಕುಲ್ಸುಂಬಿ, ಅರಬ್ ದೇಶದಿಂದ ಬಂದೈತಾ?" ಅಂದ. "ಪಂಚನಹಳ್ಳಿಯಿಂದ ಕಣಪ್ಪ, ಅರಬ್ ದೇಶಕ್ಕಿಂತ ದೂರ, ಬಸ್ಸೇ ಸಿಗಲ್ಲ" ಅಂದೆ.

ಉಗುರಿಗೆ ಮಂತ್ರವೇನೂ ಇಲ್ಲ. ಮೊದಲು ಕತ್ತರಿ ಕಲ್ಲಣ್ಣನ ಕೈಗೆ ಕೊಟ್ಟು ನನ್ನ ಉಗುರು ಕತ್ತರಿಸಿ ಅಂದೆ. ನನ್ನ ಒಂದು ಬೆರಳಿಗೆ ಗಾಯವಾಯಿತು. ಆಮೇಲೆ ಅವರಿಗೆ ಪಾಪ ಅನ್ನಿಸಿತೋ ಏನೋ, ತಾವಾಗಿಯೇ ಕೈ ಚಾಚಿದರು.

ನೀವು ಇಷ್ಟು ಮನಸ್ಸು ಬಿಚ್ಚಿ ಬರೆದ ಮೇಲೆ ನಾನು ಮುಚ್ಚಿಡುವುದು ಸರಿಯಲ್ಲ. ನರ್ಸಮ್ಮ ತರೀಕೆರೆಯಿಂದ ಬುಧವಾರ, ಶನಿವಾರ ಮಾತ್ರ ಬರುತ್ತಾರೆ. ಮಿಕ್ಕ ಐದು ದಿನ ಹನ್ನೊಂದು ಜನಕ್ಕೂ ಮಾತ್ರೆ ಕೊಡುವವಳು ನಾನೇ. ಅವರು ಲಕೋಟೆಗಳ ಮೇಲೆ ಹೆಸರು ಬರೆದಿಟ್ಟು ಹೋಗುತ್ತಾರೆ, ಶನಿವಾರ ಬಂದು ಪುಸ್ತಕದಲ್ಲಿ ಏಳು ದಿನಕ್ಕೂ ಒಟ್ಟಿಗೆ ಸಹಿ ಹಾಕುತ್ತಾರೆ. ರೂಲಿನ ಪ್ರಕಾರ ನಾನು ಮಾತ್ರೆ ಮುಟ್ಟುವ ಹಾಗಿಲ್ಲವಂತೆ. ಆದರೆ ಫಿಟ್ಸಿಗೆ ರೂಲು ಗೊತ್ತಿಲ್ಲವಲ್ಲ.

ಏಳನೇ ಕ್ಲಾಸು ಓದಿದ್ದೇನೆ, ಹೆಸರು ಓದಿಯೇ ಕೊಡುತ್ತೇನೆ, ಒಂದು ದಿನವೂ ತಪ್ಪಿಲ್ಲ. ಆದರೂ ಫಿಟ್ಸ್ ಯಾಕೆ ಹೆಚ್ಚಾಯಿತೋ ತಿಳಿಯದು. ತರೀಕೆರೆಯ ಡಾಕ್ಟರು ಹೋದ ವಾರ ಬೆಳಗ್ಗೆ ಒಂದು, ರಾತ್ರಿ ಒಂದು ಇದ್ದದ್ದನ್ನು ಎರಡೆರಡು ಮಾಡಿದ್ದಾರೆ. ನೀವು ಗಾಬರಿಯಾಗಬೇಡಿ.

ಉಮ್ಮೆ ಕುಲ್ಸುಮ್


ಪಂಚನಹಳ್ಳಿ
21-7-1979

ಕುಲ್ಸುಮ್ ಅವರಿಗೆ,

ನಿಮ್ಮ ಕಾಗದ ಓದಿ ಎರಡು ದಿನ ಊಟ ಸೇರಲಿಲ್ಲ. ನೀವು ಸತ್ಯ ಹೇಳಿದ್ದಕ್ಕೆ ಸಂತೋಷ. ಆದರೆ ಸ್ನಾನ ಮಾಡಿಸುವುದು ಬೇರೆ, ಔಷಧ ಕೊಡುವುದು ಬೇರೆ. ಅದಕ್ಕೆಂದೇ ಓದಿದವರಿದ್ದಾರೆ. ಫಿಟ್ಸ್ ಯಾಕೆ ಹೆಚ್ಚಾಯಿತೆಂದು ನೀವು ಕೇಳುತ್ತೀರಿ. ನನಗೆ ಈಗ ಅರ್ಥವಾಯಿತು.

ಕಾರ್ಯದರ್ಶಿ ಷಣ್ಮುಖಪ್ಪನವರಿಗೆ ಇವತ್ತೇ ಬರೆದಿದ್ದೇನೆ. ಇನ್ನು ಮುಂದೆ ನರ್ಸಮ್ಮನವರೇ ದಿನವೂ ಬಂದು ಕೊಡಬೇಕು, ಇಲ್ಲದಿದ್ದರೆ ಅಣ್ಣನನ್ನು ಕರೆದುಕೊಂಡು ಬರುತ್ತೇನೆ ಎಂದಿದ್ದೇನೆ. ಬೆನ್ನ ಹಿಂದೆ ಮಾಡಿದಳೆಂದು ಆಗಬಾರದು ಎಂದು ನಿಮಗೂ ತಿಳಿಸುತ್ತಿದ್ದೇನೆ. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ.

ವಿಶಾಲಾಕ್ಷಿ


ಅಜ್ಜಂಪುರ
28-8-1979

ಟೀಚರಮ್ಮನವರಿಗೆ ಸಲಾಮು.

ತಿಂಗಳ ಮೇಲಾಯಿತು, ಉತ್ತರ ಬರೆಯಲಿಲ್ಲ. ಬೇಕೆಂದೇ ಬರೆಯಲಿಲ್ಲ. ನಿಮ್ಮ ಕಾಗದ ಬಂದ ವಾರವೇ ರಂಜಾನ್ ಹಿಡಿಯಿತು. ರೋಜಾ ಇದ್ದವಳು ಸಿಟ್ಟಿನಲ್ಲಿ ಕಾಗದ ಬರೆದರೆ ಉಪವಾಸವೂ ಹೋಯಿತು, ಕಾಗದವೂ ಹಾಳು. ಹಬ್ಬ ಮುಗಿದು ಮೂರು ದಿನವಾಯಿತು. ಸಿಟ್ಟು ಇಳಿದಿದೆ, ಪೂರ್ತಿ ಅಲ್ಲ.

ಷಣ್ಮುಖಪ್ಪನವರು ಔಷಧಿ ಪೆಟ್ಟಿಗೆಯ ಕೀಲಿ ನನ್ನಿಂದ ಇಸಿದುಕೊಂಡರು. ನರ್ಸಮ್ಮ ಈಗ ದಿನವೂ ಮೊದಲ ಬಸ್ಸಿಗೆ ಬಂದು ಆರೂವರೆಗೆ ಬೆಳಗಿನ ಮಾತ್ರೆ ಕೊಟ್ಟು ಏಳೂಕಾಲಿನ ಬಸ್ಸಿಗೆ ತರೀಕೆರೆಗೆ ಹೊರಡುತ್ತಾರೆ. ರಾತ್ರಿಯದನ್ನು ಷಣ್ಮುಖಪ್ಪನವರೇ ಊಟದ ಜೊತೆ ಕೊಡುತ್ತಾರೆ. ನಿಮ್ಮ ಮಾತು ನಡೆಯಿತು. ಫಿಟ್ಸೂ ನಿಂತಿಲ್ಲ, ಆಗಸ್ಟಿನಲ್ಲಿ ನಾಲ್ಕು ಸಲ.

ಈಗ ಬರೆಯುವುದನ್ನು ನಿಧಾನವಾಗಿ ಓದಿ. ರೋಜಾ ಹಿಡಿದಾಗ ನಾವು ನಮಾಜಿಗೆ ಮುಂಚೆ ಬಾಯಿ ಮುಕ್ಕಳಿಸುತ್ತೇವೆ, ಆದರೆ ಒಂದು ಹನಿಯೂ ಗಂಟಲಿಗೆ ಇಳಿಯಬಾರದು. ಗದ್ದ ತಗ್ಗಿಸಿ, ತುಟಿ ಬಿಗಿದು, ಉಸಿರನ್ನು ಮೂಗಿನಲ್ಲೇ ಬಿಡಬೇಕು. ಒಂದು ದಿನ ನರ್ಸಮ್ಮ ಕಲ್ಲಣ್ಣನಿಗೆ ಮಾತ್ರೆ ಕೊಟ್ಟು ನೀರು ಕುಡಿಸಿದಾಗ ಕಲ್ಲಣ್ಣನ ಗದ್ದ ನೋಡಿದೆ. ಅರೆ, ಇದು ನನ್ನದೇ ಮುಖವಲ್ಲವೆ ಅನ್ನಿಸಿತು! ಅವರ ಹಿಂದೆಯೇ ಬಚ್ಚಲಿಗೆ ಹೋದೆ. ಮೋರಿಯಲ್ಲಿ ಎರಡು ಮಾತ್ರೆ ಅರ್ಧ ಕರಗಿ ಬಿದ್ದಿದ್ದವು. ಹನ್ನೊಂದು ದಿನ ನೋಡಿದೆ. ಹನ್ನೊಂದು ದಿನವೂ ಹಾಗೇ.

ಕಲ್ಲಣ್ಣ ಸ್ನಾನ ಮಾಡಿ, ವಿಭೂತಿ ಹಚ್ಚಿ, ಎದೆಯ ಮೇಲಿನ ಕರಡಿಗೆಯಿಂದ ಲಿಂಗ ತೆಗೆದು ಅಂಗೈಲಿಟ್ಟು ಪೂಜೆ ಮಾಡುವವರೆಗೆ ಕಾಫಿ ಮುಟ್ಟುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಮಾತ್ರೆಗೂ ಅದೇ ಕಟ್ಟಳೆ ಎಂದು ನನ್ನ ತಲೆಗೆ ಹೊಳೆಯಲಿಲ್ಲ. ಅವರ ಪೂಜೆ ಎಂಟು ಗಂಟೆಗೆ. ನಾನೂ ಆರೂವರೆಗೇ ಕೊಡುತ್ತಿದ್ದೆ. ಹಾಗಾಗಿ ನನ್ನ ಕೈಯಿಂದಲೂ ಎಷ್ಟೋ ಮಾತ್ರೆ ಮೋರಿಗೆ ಹೋಗಿವೆ. ನೀವು ನನ್ನನ್ನು ಅನುಮಾನಿಸಿದ್ದು ಪೂರ್ತಿ ತಪ್ಪಲ್ಲ.

ನರ್ಸಮ್ಮನಿಗೆ ಹೇಳಿದೆ. "ನಾನು ಟ್ರೈನಿಂಗ್ ಆಗಿ ಬಂದಿರೋಳು, ನೀನು ನೆಲ ಒರ್ಸು ಹೋಗು" ಅಂದರು. ಅವರನ್ನೂ ಬಯ್ಯಲಾರೆ, ತರೀಕೆರೆಯಲ್ಲಿ ಎಂಟೂವರೆಗೆ ಡ್ಯೂಟಿ. ಪೂಜೆವರೆಗೆ ಕಾಯಲು ಅವರಿಗೆ ಆಗದು.

ಇನ್ನೊಂದು ಭಯ. ಬೆಳಗಿನ ಮಾತ್ರೆ ಹೊಟ್ಟೆಗೆ ಹೋಗದೇ ಇದ್ದದ್ದಕ್ಕೆ ತಾನೇ ಡಾಕ್ಟರು ಎರಡೆರಡು ಮಾಡಿದ್ದು? ಈಗ ಯಾರಾದರೂ ಪೂಜೆ ಆದ ಮೇಲೆ ಎರಡನ್ನೂ ನುಂಗಿಸಿಬಿಟ್ಟರೆ? ಟೀ ಸಪ್ಪೆ ಎಂದು ಸಕ್ಕರೆ ಮೇಲೆ ಸಕ್ಕರೆ ಹಾಕಿ, ಕೊನೆಗೆ ಕರಗದೆ ಕೂತ ತಳವನ್ನು ಕಲಕಿದ ಹಾಗಾಗುತ್ತದೆ. ನನ್ನ ಮಾತು ಇಲ್ಲಿ ಯಾರೂ ಕೇಳುವುದಿಲ್ಲ. ನೀವು ಡಾಕ್ಟರಿಗೆ ಹೇಳಿ. ನನ್ನನ್ನು ನಂಬದಿದ್ದರೂ ಚಿಂತೆಯಿಲ್ಲ, ಇದೊಂದನ್ನು ನಂಬಿ.

ಕುಲ್ಸುಮ್


ಪಂಚನಹಳ್ಳಿ
3-9-1979

ಕುಲ್ಸುಮಕ್ಕನವರಿಗೆ,

ಅಕ್ಕ ಅನ್ನಬಹುದೋ ಇಲ್ಲವೋ ತಿಳಿಯದು, ಅಂದಿದ್ದೇನೆ.

ಪೂಜೆಗೆ ಮುಂಚೆ ಅವನು ಏನನ್ನೂ ನುಂಗುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಮೊದಲಿನಿಂದಲೂ ಗೊತ್ತಿತ್ತು. ನಮ್ಮವ್ವ ಕಲ್ಲಮ್ಮ ಅವನಿಗೆ ಆ ಪೂಜೆ ಕಲಿಸಲು ಎರಡು ವರ್ಷ ತೆಗೆದುಕೊಂಡಳು. ಅವನು ಬದುಕಿನಲ್ಲಿ ಪೂರ್ತಿಯಾಗಿ ಕಲಿತದ್ದು ಅದೊಂದೇ. ಅವ್ವ ಪೂಜೆಯಾದ ಕೂಡಲೇ ಮಾತ್ರೆ ಅವನ ಅಂಗೈಗೆ ಹಾಕುತ್ತಿದ್ದಳು, ನಾನೂ ಹಾಗೇ ಮಾಡುತ್ತಿದ್ದೆ.

ಹೇಳಲಿಲ್ಲ ಯಾಕೆಂದರೆ, ನಿಮ್ಮಲ್ಲಿಗೆ ಬರುವ ಮೊದಲು ಬೇರೆ ಎರಡು ಕಡೆ ಕೇಳಿದ್ದೆ. ಸ್ನಾನ, ಪೂಜೆ, ಮಾತ್ರೆ ಎಂದು ನಾನು ವಿವರಿಸುತ್ತಿದ್ದಂತೆ ಅವರ ಮುಖ ಗಂಟಾಯಿತು. "ಇಷ್ಟೊಂದು ರಗಳೆ ಇರೋರ್ನ ನಮ್ಮಲ್ಲಿ ಇಟ್ಕೊಳಕ್ಕಾಗಲ್ಲ ಕಣ್ರಮ್ಮ" ಅಂದುಬಿಟ್ಟರು. ಅದಕ್ಕೆ ನಿಮ್ಮ ನಿಲಯದ ಅರ್ಜಿಯಲ್ಲಿ 'ವಿಶೇಷ ಅಭ್ಯಾಸಗಳು' ಎಂಬ ಕಾಲಮ್ಮಿನ ಮುಂದೆ 'ಏನೂ ಇಲ್ಲ' ಎಂದು ಬರೆದೆ. ಪೂಜೆ ಮಾಡಿಕೊಳ್ಳಲು ಬಿಡುತ್ತಾರಲ್ಲ, ಅಷ್ಟು ಸಾಕು, ಮಿಕ್ಕದ್ದು ಹೊಂದಿಕೊಳ್ಳುತ್ತದೆ ಅಂದುಕೊಂಡೆ. ಏಳು ಫಿಟ್ಸ್ ಬಂದದ್ದು ಆ ಎರಡು ಪದದಿಂದ. ಬೈಸಿಕೊಂಡದ್ದು ನೀವು. ಕ್ಷಮಿಸಿ ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ, ಕ್ಷಮಿಸಿ.

ನಾಳೆ ಕಡೂರಿಗೆ ಹೋಗಿ ಕಚೇರಿಯಲ್ಲಿ ರಜೆ ಬರೆದುಕೊಟ್ಟು, ಅಲ್ಲಿಂದ ನೇರ ತರೀಕೆರೆಗೆ ಡಾಕ್ಟರ ಹತ್ತಿರ ಹೋಗುತ್ತೇನೆ. ನಿಮ್ಮ ಕಾಗದವನ್ನೇ ಅವರ ಮುಂದೆ ಇಡುತ್ತೇನೆ. ನನ್ನದಕ್ಕಿಂತ ಅದು ಚೆನ್ನಾಗಿ ಹೇಳುತ್ತದೆ.

ನಿಮ್ಮ
ವಿಶಾಲಾಕ್ಷಿ


ಅಜ್ಜಂಪುರ
17-9-1979

ಪ್ರೀತಿಯ ಟೀಚರಮ್ಮನಿಗೆ,

ಅಕ್ಕ ಅನ್ನಿ, ಬೇಕಾದರೆ ಬೂಬಮ್ಮ ಅನ್ನಿ. ಸಿಟ್ಟಿನ ಮಿಕ್ಕ ಭಾಗವೂ ಇಳಿಯಿತು.

ನಿನ್ನೆ ಡಾಕ್ಟರು ಬಂದಿದ್ದರು. ಕಲ್ಲಣ್ಣನ ಮಾತ್ರೆ ಮತ್ತೆ ಬೆಳಗ್ಗೆ ಒಂದು, ರಾತ್ರಿ ಒಂದು ಮಾಡಿದರು, ಬೆಳಗಿನದು ಪೂಜೆ ಆದ ಮೇಲೆ. ಆಮೇಲೆ ನನ್ನನ್ನು ಕರೆದು ಷಣ್ಮುಖಪ್ಪನವರ ಎದುರಿಗೇ ಪರೀಕ್ಷೆ ಮಾಡಿದರು. ವಾಂತಿಯಾದರೆ ಏನು ಮಾಡ್ತೀಯ? ಎಬ್ಬಿಸಿದರೂ ಏಳದಿದ್ದರೆ? ಒಂದು ಹೊತ್ತಿನದು ಮರೆತುಹೋದರೆ ಮುಂದಿನ ಹೊತ್ತಿಗೆ ಎರಡು ಕೊಡ್ತೀಯ? ಗೊತ್ತಿದ್ದದ್ದು ಹೇಳಿದೆ. ಗೊತ್ತಿಲ್ಲದ್ದಕ್ಕೆ "ಗೊತ್ತಿಲ್ಲ ಸಾ, ಕೇಳ್ಕೊಂಡು ಬತ್ತೀನಿ" ಅಂದೆ. ಡಾಕ್ಟರು ನಕ್ಕರು. "ಈ ಉತ್ತರಾನೇ ನನಗೆ ಬೇಕಾಗಿತ್ತು, ಮಾತ್ರೆ ಇವಳೇ ಕೊಡಲಿ" ಅಂದರು.

ಷಣ್ಮುಖಪ್ಪನವರು ಒಪ್ಪಲಿಲ್ಲ. "ಸರ್ಟಿಫಿಕೇಟ್ ಇಲ್ಲದೋಳ ಕೈಗೆ ಔಷಧಿ ಕೊಟ್ಟು ಹೆಚ್ಚುಕಮ್ಮಿ ಆದ್ರೆ ಯಾರು ಹೊಣೆ ಸ್ವಾಮಿ?" ಅಂದರು. ಅವರದೂ ಸುಳ್ಳಲ್ಲ. ಕೊನೆಗೆ ಹೀಗೆ ತೀರ್ಮಾನವಾಗಿದೆ. ನಾನು ನಾಲ್ಕು ಭಾನುವಾರ ತರೀಕೆರೆಗೆ ಹೋಗಿ ಡಾಕ್ಟರ ಹತ್ತಿರ ಕಲಿಯಬೇಕು. ಅಲ್ಲಿಯವರೆಗೆ ಬೆಳಗಿನದನ್ನೂ ಷಣ್ಮುಖಪ್ಪನವರೇ ಕೊಡುತ್ತಾರೆ. ಕೊಟ್ಟ ತಕ್ಷಣ ಪುಸ್ತಕದಲ್ಲಿ ನಾನೇ ಗುರುತು ಹಾಕಿ ನಾನೇ ಸಹಿ ಮಾಡಬೇಕು, ನರ್ಸಮ್ಮ ವಾರಕ್ಕೆರಡು ಸಲ ಬಂದು ತಾಳೆ ನೋಡಬೇಕು. ಎಲ್ಲಕ್ಕಿಂತ ಮೊದಲು ಮನೆಯವರು ಒಪ್ಪಿ ರುಜು ಹಾಕಬೇಕು. ಮನೆಯವರು ಬೇಡವೆಂದ ದಿನ ನಿಲ್ಲಿಸಬೇಕು.

ಫಾರಂ ಇದರ ಜೊತೆ ಇದೆ. ಮನಸ್ಸಿದ್ದರೆ ಮಾತ್ರ ರುಜು ಹಾಕಿ. ಉಪಕಾರ ತೀರಿಸಲೆಂದು ಹಾಕಬೇಡಿ.

ಕುಲ್ಸುಮ್


ಪಂಚನಹಳ್ಳಿ
22-9-1979

ಕುಲ್ಸುಮಕ್ಕನವರಿಗೆ,

ರುಜು ಹಾಕಿದ್ದೇನೆ. ಜೊತೆಗೆ ಹಳೆಯ ಅರ್ಜಿಯ ಆ ಕಾಲಮ್ಮಿಗೆ ಸೇರಿಸಲು ಒಂದೂವರೆ ಪುಟ ಬರೆದಿದ್ದೇನೆ, ಅವನ ಅಭ್ಯಾಸಗಳೆಲ್ಲ ಅದರಲ್ಲಿವೆ. ಗುಡುಗಿದರೆ ಮಂಚದಡಿ ಸೇರುತ್ತಾನೆ ಎಂಬುದರವರೆಗೆ. ಮೇಷ್ಟರ ಕೆಲಸದವಳು, ಬರೆಯಲು ಕೂತರೆ ನಿಲ್ಲುವುದಿಲ್ಲ.

ತರೀಕೆರೆಗೆ ಹೋಗುವ ಭಾನುವಾರಗಳಲ್ಲಿ ನಿಮ್ಮ ಯಜಮಾನರಿಗೆ ಊಟಕ್ಕೇನು ಮಾಡುತ್ತೀರಿ? ಜಮಾಲ್ ಸಾಬರಿಗೂ ನನ್ನ ನಮಸ್ಕಾರ ತಿಳಿಸಿ.

ವಿಶಾಲಾಕ್ಷಿ


ಅಜ್ಜಂಪುರ
2-12-1979

ಟೀಚರಮ್ಮನಿಗೆ,

ಎರಡೂವರೆ ತಿಂಗಳಾಯಿತು, ಕಲ್ಲಣ್ಣನಿಗೆ ಒಂದು ಫಿಟ್ಸೂ ಇಲ್ಲ! ಮೊದಲು ಇದನ್ನು ಓದಿಕೊಳ್ಳಿ, ಆಮೇಲೆ ಮಿಕ್ಕದ್ದು.

ಬೆಳಗ್ಗೆ ನಾನು ನೀರಿನ ತಂಬಿಗೆ, ಎರಡು ಹೂವು ತಂದಿಟ್ಟು ಬಾಗಿಲಾಚೆ ಕೂರುತ್ತೇನೆ. ಪೂಜೆ ಮುಗಿಸಿ ಲಿಂಗವನ್ನು ಕರಡಿಗೆಗೆ ಸೇರಿಸಿ, "ಕುಸುಮಾ" ಎಂದು ಕೂಗಿ ಕೈ ಚಾಚುತ್ತಾರೆ. ಅವರ ಬಾಯಲ್ಲಿ ನಾನು ಕುಸುಮ. ಮಾತ್ರೆಯನ್ನು ಕಣ್ಣಿಗೊತ್ತಿಕೊಂಡು ನುಂಗಿ ಬಾಯಿ ತೆರೆದು ತೋರಿಸುತ್ತಾರೆ. ಹೋದ ವಾರ ನರ್ಸಮ್ಮ ಅದನ್ನು ನೋಡಿ, "ನನಗೂ ಹಿಂಗೆ ಬಾಯಿ ತೆಗ್ದು ತೋರ್ಸಿದ್ರೆ ಆಗ್ತಿತ್ತಪ್ಪ" ಅಂದು ನಕ್ಕರು. ಈಗ ನಮ್ಮಿಬ್ಬರಿಗೆ ರಾಜಿಯಾಗಿದೆ.

ಜಮಾಲ್ ಸಾಬರು ಸೈಕಲ್ ಅಂಗಡಿಗೆ ಬಂದವರಿಗೆಲ್ಲ "ನಮ್ಮನೇಲಿ ಅರ್ಧ ಡಾಕ್ಟ್ರು ಅವ್ಳೆ" ಅನ್ನುತ್ತಾರೆ. ನಾಲ್ಕು ಭಾನುವಾರ ತಾವೇ ಅನ್ನ ಬೇಯಿಸಿಕೊಂಡ ಸಿಟ್ಟು ಅದು. ನೀವು ಡಾಕ್ಟರ ಮುಂದೆ ನನ್ನ ಕಾಗದ ಇಡದಿದ್ದರೆ ಇದೊಂದೂ ಆಗುತ್ತಿರಲಿಲ್ಲ. ಅಲ್ಲಾ ನಿಮ್ಮನ್ನು ಚೆನ್ನಾಗಿಟ್ಟಿರಲಿ.

ಕುಲ್ಸುಮ್


ಅಜ್ಜಂಪುರ
17-2-1980, ಭಾನುವಾರ

ಟೀಚರಮ್ಮನಿಗೆ,

ಕಲ್ಲಣ್ಣ ಚೆನ್ನಾಗಿದ್ದಾರೆ. ಈಗ ಜಗಲಿಯಲ್ಲಿ ಕೂತು ಉಪ್ಪಿಟ್ಟು ತಿನ್ನುತ್ತಿದ್ದಾರೆ. ಇದನ್ನು ಮೊದಲು ಬರೆದು ಆಮೇಲೆ ಹೇಳುತ್ತೇನೆ. ನಿನ್ನೆ ನಾನು ತಪ್ಪು ಮಾಡಿದೆ.

ನಿನ್ನೆ ಸೂರ್ಯಗ್ರಹಣ ಅಲ್ಲವೆ? ಮಧ್ಯಾಹ್ನದಿಂದ ಅಂಗಡಿ ಮುಚ್ಚಿ ಊರೆಲ್ಲ ಬಾಗಿಲು ಹಾಕಿಕೊಂಡಿತ್ತು. ಲಿಂಗವಂತರಿಗೆ ಗ್ರಹಣದ ಸೂತಕ ಇಲ್ಲವೆಂದು ಮಠದವರು ಹೇಳಿದ್ದರೂ ನಮ್ಮ ಅಡುಗೆ ತಿಪ್ಪಮ್ಮ ಕೇಳಲಿಲ್ಲ. "ನಿಮ್ಗೆ ಇಲ್ದಿದ್ರೆ ಇಲ್ಲ, ನನ್ ಒಲೆಗೈತೆ" ಅಂದು, ಐದು ಗಂಟೆಗೆ ಗ್ರಹಣ ಬಿಟ್ಟ ಮೇಲೆ ಹನ್ನೊಂದು ಜನಕ್ಕೂ ನೀರು ಹಾಕಿಸಿದಳು. ನಾನೂ ಕೊಡ ಹೊತ್ತು ಹೊತ್ತು ಸುಸ್ತಾಗಿದ್ದೆ.

ಸ್ನಾನವಾಯಿತಲ್ಲ, ಕಲ್ಲಣ್ಣ ವಿಭೂತಿ ಹಚ್ಚಿ ಪೂಜೆಗೆ ಕೂತರು. ಗ್ರಹಣದ ಕತ್ತಲು ಕಳೆದು ಬೆಳಕು ಬಂದದ್ದು ಅವರಿಗೆ ಇನ್ನೊಂದು ಬೆಳಗಾದಂತೆ ಕಂಡಿತೋ ಏನೋ. ಮುಗಿಸಿ "ಕುಸುಮಾ" ಎಂದು ಕೈ ಚಾಚಿದರು. ನಾಲ್ಕು ತಿಂಗಳ ರೂಢಿ. ನನ್ನ ಕೈ ತಾನಾಗಿ ಪೆಟ್ಟಿಗೆಗೆ ಹೋಗಿ ಮಾತ್ರೆ ತೆಗೆದು ಕೊಟ್ಟಿತು. ಗುರುತು ಹಾಕಲು ಪುಸ್ತಕ ತೆರೆದರೆ ಗೆರೆ ಹಾಕಿದ ಬೆಳಗಿನ ಮನೆಯಲ್ಲಿ ಆಗಲೇ ನನ್ನದೇ ಸಹಿ ಇತ್ತು.

ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ನಮ್ಮೂರ ಆಸ್ಪತ್ರೆಗೆ ಓಡಿ ಅಲ್ಲಿನ ಡಾಕ್ಟರ ಮನೆ ಬಾಗಿಲು ತಟ್ಟಿದೆ. ಅವರು ಬಂದು ನಾಡಿ, ಉಸಿರು ನೋಡಿ, "ಒಂದು ಹೆಚ್ಚಾಗಿದೆ ಅಷ್ಟೇ, ರಾತ್ರೀದು ಕೊಡ್ಬೇಡ, ಎಬ್ಬಿಸಿ ಎಬ್ಬಿಸಿ ನೋಡ್ತಿರು" ಅಂದರು. ಕಲ್ಲಣ್ಣ ಊಟಕ್ಕೆ ಕೂತಲ್ಲೇ ತೂಕಡಿಸಿದರು. ಬೆಳಗ್ಗೆ ಎಂಟಕ್ಕೆ ಎದ್ದು ಕಾಫಿಗೆ ಮುಂಚೆ ಸ್ನಾನ ಎಂದು ಜಗಳ ಮಾಡಿದಾಗ ನನಗೆ ಜೀವ ಬಂತು.

ತಿಪ್ಪಮ್ಮ, "ಯಾರ್ ನೋಡವ್ರೆ? ಸುಮ್ಕಿರು. ಪುಸ್ತಕದಲ್ಲಿ ರಾತ್ರಿ ಮನೇಲಿ ಗುರುತು ಹಾಕ್ಬಿಡು, ಲೆಕ್ಕ ಸರಿ ಹೋಯ್ತದೆ" ಅಂದಳು. ಹೋಗುತ್ತಿತ್ತು. ಆದರೆ ಕೆಂಪು ಪೆನ್ಸಿಲ್ಲಿನಲ್ಲಿ ಆದದ್ದನ್ನೇ ಬರೆದು ಷಣ್ಮುಖಪ್ಪನವರ ಮುಂದೆ ಇಟ್ಟೆ, ಕೀಲಿಯನ್ನೂ ಇಟ್ಟೆ. ಅವರು ಕೀಲಿ ಜೇಬಿಗೆ ಹಾಕಿಕೊಂಡರು. ಇವತ್ತು ರಾತ್ರಿಯಿಂದ ಅವರೇ ಕೊಡುತ್ತಾರೆ. ಬರುವ ಭಾನುವಾರ ನಿಲಯದ ಕಮಿಟಿ ಸೇರುತ್ತದೆ. "ಟೀಚರಮ್ಮ ಏನ್ ಬರೀತಾರೋ ಅದೇ ಕೊನೆ" ಅಂದರು.

ನೀವು ಬೇಡವೆಂದರೆ ನನಗೆ ಒಂದು ಚೂರೂ ಬೇಜಾರಿಲ್ಲ. ಇಷ್ಟು ದಿನ ನಂಬಿದ್ದಕ್ಕೆ ನಿಮ್ಮ ಋಣ ದೊಡ್ಡದು.

ಕುಲ್ಸುಮ್


ಪಂಚನಹಳ್ಳಿ
21-2-1980

ಅಕ್ಕಾ,

ನಿಮ್ಮ ಕಾಗದವನ್ನು ಅಂಗಳದಲ್ಲಿ ನಿಂತೇ ಓದಿದೆ. ಸುಳ್ಳು ಹೇಳುವುದಿಲ್ಲ, ಮೊದಲು ಬಂದ ಯೋಚನೆ ಈಗಲೇ ಹೋಗಿ ಅಣ್ಣಯ್ಯನನ್ನು ಕರೆದುಕೊಂಡು ಬರಬೇಕು ಎಂಬುದೇ. ಒಳಗೆ ಹೋಗಿ ಸೀರೆಯನ್ನೂ ಬದಲಾಯಿಸಿದೆ. ಆಮೇಲೆ ಕೂತುಕೊಂಡೆ.

ಯಾರಿಗೂ ಹೇಳದ್ದನ್ನು ನಿಮಗೆ ಹೇಳುತ್ತೇನೆ. ಮೂರು ವರ್ಷದ ಹಿಂದೆ ಒಂದು ಬೆಳಗ್ಗೆ, ಮಾತ್ರೆ ಕೊಟ್ಟೆನೋ ಇಲ್ಲವೋ ಎಂಬ ಅನುಮಾನದಲ್ಲಿ ಅವನಿಗೆ ಇನ್ನೊಂದು ಕೊಟ್ಟು, ಬೀಗ ಹಾಕಿ ಸ್ಕೂಲಿಗೆ ಹೋದೆ. ಪ್ರಾರ್ಥನೆಗೆ ನಿಂತಾಗ ಖಂಡಿತವಾಗಿ ನೆನಪಾಯಿತು, ಎರಡು ಸಲ ಕೊಟ್ಟಿದ್ದೆ. ಮನೆ ಎರಡೇ ಫರ್ಲಾಂಗು. ಅವತ್ತು ಇನ್‌ಸ್ಪೆಕ್ಟರು ಬರುವವರಿದ್ದರು. ನಾನು ಹೋಗಲಿಲ್ಲ. ಸಂಜೆ ಬೀಗ ತೆಗೆದು ಬಾಗಿಲು ತಳ್ಳಿದರೆ ತೆರೆಯಲಿಲ್ಲ. ಅವನು ಬಾಗಿಲಿಗೆ ಒರಗಿಯೇ ಬಿದ್ದು ನಿದ್ದೆಹೋಗಿದ್ದ. ಎಬ್ಬಿಸಲು ಒಂದು ಗಂಟೆ ಹಿಡಿಯಿತು. ಡಾಕ್ಟರಿಗೆ ಹೇಳಲಿಲ್ಲ, ಪಕ್ಕದ ಮನೆಯವರಿಗೂ ಹೇಳಲಿಲ್ಲ. ಬದುಕಿಕೊಂಡ, ಅಷ್ಟೇ. ನಾನು ಅವನ ಒಡಹುಟ್ಟಿದವಳು, ಓದಿದವಳು. ನನ್ನ ತಪ್ಪಿಗೆ ಬಾಗಿಲು ತಟ್ಟಿ ಯಾರನ್ನೂ ಕರೆಯಲಿಲ್ಲ.

ನೀವು ಓಡಿದಿರಿ. ಗ್ರಹಣದ ದಿನ, ಮುಚ್ಚಿದ ಊರಿನಲ್ಲಿ ನನ್ನ ಅಣ್ಣನಿಗಾಗಿ ಒಬ್ಬರು ಓಡಿದರು ಎಂದು ನೆನೆಸಿಕೊಂಡರೆ ಕಣ್ಣು ತುಂಬಿ ಬರುತ್ತದೆ. ಅವ್ವ ಹೋದ ಮೇಲೆ ಅವನಿಗೆ ಯಾರೂ ಇಲ್ಲ, ನಾನೊಬ್ಬಳೇ ಎಂದುಕೊಂಡಿದ್ದೆ. ಆ ಭಾರ ಈಗ ಇಳಿದಿದೆ.

ಷಣ್ಮುಖಪ್ಪನವರಿಗೆ ಕಾಗದ ಬರೆದು ಇದರ ಜೊತೆಗೇ ಟಪಾಲಿಗೆ ಹಾಕುತ್ತಿದ್ದೇನೆ. ತಪ್ಪಾದರೆ ಕೆಂಪಕ್ಷರದಲ್ಲಿ ಬರೆದಿಡುವವರ ಕೈಯಿಂದಲೇ ನಮ್ಮ ಅಣ್ಣನಿಗೆ ಮಾತ್ರೆ ಕೊಡಿಸಬೇಕು, ಬೇರೆಯವರು ಬೇಡ ಎಂದಿದ್ದೇನೆ. ಪುಸ್ತಕದಲ್ಲಿ ಮೊದಲು ನೋಡಿ ಆಮೇಲೆ ಪೆಟ್ಟಿಗೆ ತೆರೆಯುವಂತೆ ನಿಯಮ ಬದಲಾಯಿಸಿ ಎಂದೂ ಸೇರಿಸಿದ್ದೇನೆ, ಅದು ನಿಮಗೂ ಸರಿ ಕಾಣಬಹುದು. ಭಾನುವಾರ ಕಮಿಟಿಗೆ ನಾನೂ ಬರುತ್ತೇನೆ. ಅವರು ಯಾರಾದರೂ ಏನಾದರೂ ಕೇಳಿದರೆ, ಬೀಗದ ಬಾಗಿಲಿನ ಕಥೆಯನ್ನು ಅಲ್ಲಿ ಎಲ್ಲರೆದುರು ನಾನೇ ಹೇಳುತ್ತೇನೆ.

ಸೋಮವಾರ ಬೆಳಗ್ಗೆ ಅಣ್ಣಯ್ಯ ಪೂಜೆ ಮುಗಿಸಿ ನಿಮ್ಮನ್ನು ಕೂಗುತ್ತಾನೆ. ಮಾತ್ರೆ ನೀವೇ ಕೊಡಿ.

ನಿಮ್ಮ ತಂಗಿ,
ವಿಶಾಲಾಕ್ಷಿ